ಲೈಟ್ ಪೇಂಟಿಂಗ್: ಎಲ್‌ಇಡಿ ಟಾರ್ಚಿನ ಗೆರೆ ತುಂಡಾಗುವುದೇಕೆ, ಗೋಡೆ ಸುಟ್ಟಂತೆ ಬೆಳ್ಳಗಾಗುವುದೇಕೆ?

ಕತ್ತಲಲ್ಲಿ ಕ್ಯಾಮೆರಾದ ಶಟರ್ ತೆರೆದಿಟ್ಟು ಟಾರ್ಚಿನ ಬೆಳಕಿನಿಂದ ಚಿತ್ರ ಬರೆಯುವುದೇ ಲೈಟ್ ಪೇಂಟಿಂಗ್. ಅದರಲ್ಲಿ ನೀವು ಕೇಳಿರುವುದು ಎರಡು ತೊಂದರೆಗಳ ಬಗ್ಗೆ. ಶಟರ್ 30 ಸೆಕೆಂಡು ತೆರೆದಿಟ್ಟು ಟಾರ್ಚಿನಿಂದ ಗಾಳಿಯಲ್ಲಿ ಗೆರೆ ಎಳೆದರೆ ಅದು ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಅದೇ ಟಾರ್ಚನ್ನು ಗೋಡೆಗೆ ಹಿಡಿದರೆ ನಡುವೆ ಬೆಳ್ಳನೆಯ ಮಚ್ಚೆ, ಸುತ್ತ ಕತ್ತಲು. ಶಟರನ್ನು 15 ಸೆಕೆಂಡಿಗೆ ಇಳಿಸಿದರೂ ಮಚ್ಚೆ ಹಾಗೆಯೇ ಇದೆ. ಬೇರೆ ಟಾರ್ಚ್ ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಕೊಳ್ಳುವ ಮಾತು ಆಮೇಲೆ. ಮಚ್ಚೆ ಯಾಕೆ ಹೋಗಲಿಲ್ಲ ಅಂದರೆ, ಶಟರ್ ಸಮಯಕ್ಕೂ ಟಾರ್ಚಿನ ಬೆಳಕಿಗೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಶಟರ್ ತೆರೆದಿರುವಷ್ಟು ಹೊತ್ತೂ ಸುರಿಯುತ್ತಲೇ ಇರುವ ಬೆಳಕನ್ನು, ಅಂದರೆ ಆಕಾಶ, ಬೆಳದಿಂಗಳು, ದೂರದ ದೀಪಗಳನ್ನು ಮಾತ್ರ ಶಟರ್ ಲೆಕ್ಕ ಇಡುತ್ತದೆ. ಟಾರ್ಚ್ ಒಂದು ಜಾಗದ ಮೇಲೆ 2 ಸೆಕೆಂಡು ಬಿದ್ದರೆ ಆ ಜಾಗಕ್ಕೆ ಸಿಕ್ಕಿದ್ದು 2 ಸೆಕೆಂಡಿನ ಬೆಳಕು. ಶಟರ್ 15 ಸೆಕೆಂಡು ತೆರೆದಿರಲಿ, 5 ನಿಮಿಷ ತೆರೆದಿರಲಿ. ಟಾರ್ಚಿನ ಬೆಳಕು ಚಿತ್ರದಲ್ಲಿ ಎಷ್ಟು ಗಾಢವಾಗಿ ಬೀಳಬೇಕು ಎಂಬುದನ್ನು ಅಪರ್ಚರ್ (ಲೆನ್ಸಿನ ತೂತಿನ ಅಳತೆ, ಎಫ್ ಸಂಖ್ಯೆ ಹೆಚ್ಚಿದಷ್ಟೂ ತೂತು ಕಿರಿದು), ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಸೆಟ್ಟಿಂಗ್), ಟಾರ್ಚಿನ ತೀವ್ರತೆ ಮತ್ತು ನಿಮ್ಮ ಕೈಯ ವೇಗ ನಿರ್ಧರಿಸುತ್ತವೆ. ಹಾಗಾಗಿ ಮೊದಲು ಟಾರ್ಚಿಗೆ ಹೊಂದುವ ಅಪರ್ಚರ್, ಐಎಸ್‌ಒ ಗೊತ್ತುಮಾಡಿಕೊಳ್ಳಿ. ಆಮೇಲೆ ಹಿನ್ನೆಲೆ ಎಷ್ಟು ಕಾಣಬೇಕೋ ಅಷ್ಟಕ್ಕೆ ಶಟರ್ ಇಡಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ ಒದ್ದಾಡುತ್ತಾರೆ.

ಈಗ ಮಚ್ಚೆಯ ಲೆಕ್ಕ. ಟಾರ್ಚಿನ ಪೆಟ್ಟಿಗೆಯ ಮೇಲೆ ಲುಮೆನ್ (ಒಟ್ಟು ಬೆಳಕು) ಜೊತೆಗೆ ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ) ಎಂಬ ಸಂಖ್ಯೆಯೂ ಸಾಮಾನ್ಯವಾಗಿ ಇರುತ್ತದೆ. ನಮಗೆ ಬೇಕಾದದ್ದು ಅದು. ಕ್ಯಾಂಡೆಲಾವನ್ನು ದೂರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿದರೆ ಬೆಳಕಿನ ನಡುಭಾಗದಲ್ಲಿ ಗೋಡೆಗೆ ಬೀಳುವ ಬೆಳಕು ಲಕ್ಸ್ ಎಂಬ ಅಳತೆಯಲ್ಲಿ ಸಿಗುತ್ತದೆ. 2000 ಕ್ಯಾಂಡೆಲಾದ ಸಾಧಾರಣ ಟಾರ್ಚ್ 5 ಮೀಟರ್ ದೂರದ ಗೋಡೆಗೆ 80 ಲಕ್ಸ್ ಕೊಡುತ್ತದೆ. ಐಎಸ್‌ಒ 100, ಎಫ್/8 ಇಟ್ಟರೆ ಅಲ್ಲಿ ಸುಮಾರು 2 ಸೆಕೆಂಡಿಗೆ ಸರಿಯಾದ ಎಕ್ಸ್‌ಪೋಶರ್ ಆಗುತ್ತದೆ. ದೂರ 10 ಮೀಟರ್ ಆದರೆ 20 ಲಕ್ಸ್, ಆಗ 8 ಸೆಕೆಂಡು ಬೇಕು. ಇದೇ ಲೆಕ್ಕವನ್ನು ದೂರಕ್ಕೆ ಎಸೆಯಲೆಂದೇ ಮಾಡಿದ 20,000 ಕ್ಯಾಂಡೆಲಾದ ಟಾರ್ಚಿಗೆ ಹಾಕಿ ನೋಡಿ: 5 ಮೀಟರಿನಲ್ಲಿ 0.2 ಸೆಕೆಂಡು. ಅಷ್ಟು ಚುರುಕಾಗಿ ಸಮನಾಗಿ ಬೆಳಕು ಬಳಿಯಲು ಯಾರ ಕೈಗೂ ಆಗದು. ನಿಮ್ಮ ಗೋಡೆ ಸುಟ್ಟದ್ದು ಹೀಗೆ. ಟಾರ್ಚನ್ನು ಕೆಳಗಿನ ಮಟ್ಟಕ್ಕೆ ಇಳಿಸಿ, ಮುಂದೆ ಬೆಳಕನ್ನು ಹರಡುವ ತೆಳು ಬಿಳಿ ಪ್ಲಾಸ್ಟಿಕ್ಕಿನ ಡಿಫ್ಯೂಸರ್ ಹಾಕಿ, ಅಪರ್ಚರನ್ನು ಎಫ್/11ಕ್ಕೆ ಒಯ್ಯಿರಿ. ಒಂದು ಜಾಗಕ್ಕೆ 2ರಿಂದ 4 ಸೆಕೆಂಡು ಹಿಡಿಯುವಂತಾದರೆ ಕೈಗೆ ಹದ ಸಿಕ್ಕಿತು.

ಇನ್ನು ತುಂಡಾದ ಗೆರೆ. ಅನೇಕ ಎಲ್‌ಇಡಿ ಟಾರ್ಚುಗಳು ಬೆಳಕು ತಗ್ಗಿಸಬೇಕಾದಾಗ ನಿಜವಾಗಿ ತಗ್ಗಿಸುವುದಿಲ್ಲ. ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಪಿಡಬ್ಲ್ಯುಎಂ ಅನ್ನುವುದು ಇದಕ್ಕೇ. ಟಾರ್ಚ್ ಅಲುಗದೆ ಇದ್ದಾಗ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಆದರೆ ಕೈ ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದು, ಟಾರ್ಚ್ ಸೆಕೆಂಡಿಗೆ 200 ಸಲ ಮಿನುಗುತ್ತಿದ್ದರೆ, ಗೆರೆಯಲ್ಲಿ ಪ್ರತಿ 1 ಸೆಂಟಿಮೀಟರಿಗೆ ಒಂದು ತುಂಡು ಬೀಳಲೇಬೇಕು. ಅದೇ 10,000 ಸಲ ಮಿನುಗಿದರೆ ತುಂಡುಗಳ ಅಂತರ 0.2 ಮಿಲಿಮೀಟರ್, ಚಿತ್ರದಲ್ಲಿ ಅಖಂಡ ಗೆರೆಯಾಗಿಯೇ ಕಾಣುತ್ತದೆ. ಪರೀಕ್ಷೆ ಸುಲಭ: ಪ್ರತಿ ಮಟ್ಟದಲ್ಲೂ ಟಾರ್ಚ್ ಹೊತ್ತಿಸಿ ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಮಟ್ಟದಲ್ಲಿ ಮಿನುಗು ಇದೆ. ಅತಿ ಹೆಚ್ಚಿನ ಮಟ್ಟದಲ್ಲಿ ಸಾಮಾನ್ಯವಾಗಿ ಪಟ್ಟೆ ಇರುವುದಿಲ್ಲ, ಏಕೆಂದರೆ ಅಲ್ಲಿ ದೀಪ ಆರುವುದೇ ಇಲ್ಲ. ಹಾಗಾಗಿ ಹೊಸ ಟಾರ್ಚಿಲ್ಲದೆಯೂ ಪರಿಹಾರ ಉಂಟು: ಪೂರ್ಣ ಬೆಳಕಿನಲ್ಲೇ ಇಟ್ಟುಕೊಂಡು ಮೂತಿಗೆ ಕಪ್ಪು ಟೇಪ್ ಸುತ್ತಿ, ನಡುವೆ 3–4 ಮಿಲಿಮೀಟರಿನ ತೂತು ಮಾತ್ರ ಬಿಡಿ. ಮೂತಿ ಬಿಸಿಯಾಗುತ್ತದೆ, ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತಿಸಿ ಇಡಬೇಡಿ.

ಅಂದಹಾಗೆ, ಈ ಚುಕ್ಕಿ ಗೆರೆಯನ್ನೇ ಬೇಕೆಂದು ಬರಿಸಿಕೊಂಡವರೂ ಇದ್ದಾರೆ. 1910ರ ದಶಕದಲ್ಲಿ ಕೆಲಸದ ಚಲನೆಯನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕೆಲಸಗಾರರ ಕೈಗೆ ಪುಟ್ಟ ಬಲ್ಬ್ ಕಟ್ಟಿ, ಅದನ್ನು ಬಿಟ್ಟು ಬಿಟ್ಟು ಮಿನುಗಿಸಿ, ಚಿತ್ರದಲ್ಲಿ ಬಿದ್ದ ತುಂಡುಗಳಿಂದ ಕೈಯ ವೇಗವನ್ನು ಅಳೆಯುತ್ತಿದ್ದರು. ನೀವೂ ಟಾರ್ಚಿನ ಸ್ಟ್ರೋಬ್ (ಬಿಟ್ಟು ಬಿಟ್ಟು ಮಿನುಗುವ) ಮಟ್ಟವನ್ನು ಬೇಕೆಂದೇ ಬಳಸಬಹುದು. ಕೈ ಓಡಿದಲ್ಲಿ ತುಂಡು ಉದ್ದ, ನಿಧಾನಿಸಿದಲ್ಲಿ ಗಿಡ್ಡ.

ಕೊಳ್ಳುವುದೇ ಆದರೆ ಲುಮೆನ್ ಸಂಖ್ಯೆಗೆ ಮರುಳಾಗಬೇಡಿ. 3000 ಲುಮೆನ್ ಎಂದು ಬರೆದ ಪುಟ್ಟ ಟಾರ್ಚ್ ಬಿಸಿಯಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ಬೆಳಕು ಇಳಿಸಿಕೊಳ್ಳುತ್ತದೆ. ನೀವು ಸೆಕೆಂಡು ಎಣಿಸಿ ಮಾಡಿಕೊಂಡ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ನಾನು ನೋಡುವುದು ಬೇರೆ. 5ರಿಂದ 300 ಲುಮೆನ್ ನಡುವೆ ನಾಲ್ಕಾರು ಮಟ್ಟ ಇರಬೇಕು. ಮಿನುಗು ಇರಬಾರದು. ಒತ್ತಿದಷ್ಟು ಹೊತ್ತು ಮಾತ್ರ ಉರಿಯುವ ಸ್ವಿಚ್ ಇರಬೇಕು, ಮತ್ತು ಹೊತ್ತಿಸಿದಾಗ ಹಿಂದೆ ಬಿಟ್ಟ ಮಟ್ಟದಲ್ಲೇ ಹೊತ್ತಬೇಕು. ಪ್ರತಿ ಸಲ ಪೂರ್ಣ ಬೆಳಕಿನಿಂದ ಶುರುವಾಗಿ ಕೆಳಗಿಳಿಯುವ ಟಾರ್ಚ್ ಶಟರ್ ತೆರೆದಿರುವಾಗ ಚಿತ್ರವನ್ನು ಕೆಡಿಸಿಯೇ ತೀರುತ್ತದೆ. ಬಣ್ಣ ನಿಷ್ಠೆಯ ಸೂಚ್ಯಂಕ, ಅಂದರೆ ಸಿಆರ್‌ಐ, 90ಕ್ಕಿಂತ ಮೇಲಿದ್ದರೆ ಕಲ್ಲು, ಇಟ್ಟಿಗೆ, ಚರ್ಮ ಎಲ್ಲ ತಮ್ಮ ಬಣ್ಣದಲ್ಲೇ ಕಾಣುತ್ತವೆ. ಅಗ್ಗದ ತಣ್ಣನೆ ಬಿಳಿ ಎಲ್‌ಇಡಿಗಳಲ್ಲಿ ಕೆಂಪು ಕಡಿಮೆ ಇರುವುದರಿಂದ ಮುಖ ಬೂದಿ ಬಳಿದಂತೆ ಆಗುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ತಿದ್ದಿದರೂ ಪೂರ್ತಿ ಸರಿಹೋಗುವುದಿಲ್ಲ.

ಕ್ಯಾಮೆರಾ ಕಡೆಗೆ ಬಂದರೆ: ಟ್ರೈಪಾಡ್, ರಾ ಫೈಲ್ (ಸೆನ್ಸರಿನ ಕಚ್ಚಾ ದತ್ತಾಂಶ), ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಸೆಟ್ಟಿಂಗ್), ಕೇಬಲ್ ಅಥವಾ ರಿಮೋಟ್. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆರಿಸಿ. ಫೋಕಸ್‌ಗೆ ವಸ್ತುವಿನ ಮೇಲೆ ಟಾರ್ಚ್ ಬಿಟ್ಟು ಆಟೋಫೋಕಸ್ ಮಾಡಿ, ಕೂಡಲೇ ಮ್ಯಾನ್ಯುಯಲ್‌ಗೆ ಬದಲಿಸಿ. ಮರೆತರೆ ಶಟರ್ ಒತ್ತಿದಾಗ ಲೆನ್ಸ್ ಮತ್ತೆ ಕತ್ತಲಲ್ಲಿ ಹುಡುಕಾಟ ಶುರುಮಾಡುತ್ತದೆ. ಲೆನ್ಸಿನ ಮುಂದಿರುವ ಯುವಿ ಫಿಲ್ಟರ್ ತೆಗೆದಿಡಿ. ಟಾರ್ಚ್ ಲೆನ್ಸಿನ ಕಡೆ ತಿರುಗುವ ಚಿತ್ರಗಳಲ್ಲಿ ಈ ಚಪ್ಪಟೆ ಗಾಜು ಬೆಳಕನ್ನು ಮರಳಿಸಿ, ಎದುರು ಮೂಲೆಯಲ್ಲಿ ಗೆರೆಯ ತಲೆಕೆಳಗಾದ ಭೂತವೊಂದನ್ನು ಮೂಡಿಸುತ್ತದೆ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನೂ ಮುಚ್ಚಿ, ಹಿಂದಿನಿಂದ ಬೆಳಕು ನುಸುಳುತ್ತದೆ.

ಹಿನ್ನೆಲೆಗೆ ಎಷ್ಟು ಹೊತ್ತು ಬೇಕೆಂದು ತಿಳಿಯಲು ನಾಲ್ಕು ನಾಲ್ಕು ನಿಮಿಷದ ಪ್ರಯೋಗ ಮಾಡುತ್ತ ಕೂರಬೇಡಿ. ಬಳಸಬೇಕೆಂದಿರುವ ಅಪರ್ಚರಿನಲ್ಲೇ ಐಎಸ್‌ಒ 6400 ಇಟ್ಟು 4 ಸೆಕೆಂಡಿನ ಚಿತ್ರ ತೆಗೆಯಿರಿ. ಆಕಾಶ ನಿಮಗೆ ಬೇಕಾದಷ್ಟು ಕಂಡರೆ, 6400ರಿಂದ 100ಕ್ಕೆ ಇಳಿಯುವಾಗ 64 ಪಟ್ಟು ಸಮಯ ಬೇಕು: 256 ಸೆಕೆಂಡು, ಅಂದರೆ 4 ನಿಮಿಷ 16 ಸೆಕೆಂಡು. ಅದೇ ಚಿತ್ರದಲ್ಲಿ ಚೌಕಟ್ಟೂ ಫೋಕಸ್ಸೂ ಸರಿಯಿದೆಯೇ ಎಂದು ನೋಡಿಕೊಳ್ಳಬಹುದು. ಕ್ಯಾಮೆರಾದಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಆಗಿದ್ದರೆ 4 ನಿಮಿಷದ ಚಿತ್ರದ ನಂತರ ಇನ್ನೊಂದು 4 ನಿಮಿಷ ಅದು ಖಾಲಿ ಕಪ್ಪು ಚಿತ್ರ ತೆಗೆಯುತ್ತ ಕೂರುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಬ್ಯಾಟರಿ ಕಿತ್ತರೆ ಚಿತ್ರವೇ ಹೋದೀತು.

ಗೋಡೆ, ಮರ, ಬಂಡೆಗೆ ಬೆಳಕು ಬಳಿಯುವಾಗ ಕ್ಯಾಮೆರಾ ಪಕ್ಕದಲ್ಲಿ ನಿಂತು ಮಾತ್ರ ಮಾಡಬೇಡಿ. ಅಲ್ಲಿಂದ ಬಿದ್ದ ಬೆಳಕಿನ ನೆರಳೆಲ್ಲ ವಸ್ತುವಿನ ಹಿಂದೆಯೇ ಅಡಗಿ ಚಿತ್ರ ಸಪಾಟಾಗುತ್ತದೆ. ಪಕ್ಕಕ್ಕೆ ಸರಿದು, ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಬಿಟ್ಟರೆ ಗಾರೆಯ ಪ್ರತಿ ಉಬ್ಬು, ಬಿರುಕು ಎದ್ದು ಬರುತ್ತದೆ. ಓರೆಯಾಗಿ ಬಿಟ್ಟಾಗ ಹತ್ತಿರದ ತುದಿಗೆ ಬೆಳಕು ಹೆಚ್ಚು, ದೂರದ ತುದಿಗೆ ಕಡಿಮೆ. ಆದ್ದರಿಂದ ಹತ್ತಿರದಲ್ಲಿ ಕೈ ಬೇಗ ಸರಿಯಲಿ, ದೂರದಲ್ಲಿ ನಿಧಾನಿಸಲಿ. ಟಾರ್ಚನ್ನು ಸುಣ್ಣ ಬಳಿಯುವ ಹಾಗೆ ಒಂದರ ಮೇಲೊಂದು ಹಾಯುತ್ತ ಆಡಿಸುತ್ತಲೇ ಇರಿ. ಕೈ ನಿಂತಲ್ಲಿ ಮಚ್ಚೆ ಕೂತಿತೆಂದೇ ಲೆಕ್ಕ. ಕಪ್ಪು ಬಟ್ಟೆ ತೊಡಿ. ಚೌಕಟ್ಟಿನೊಳಗೆ ನೀವು ಓಡಾಡಬಹುದು, ಕ್ಯಾಮೆರಾ ನಿಮ್ಮನ್ನು ಹಿಡಿಯುವುದಿಲ್ಲ. ಎರಡು ಷರತ್ತು: ಬೆಳಕು ನಿಮ್ಮ ಮೈಮೇಲೆ ಬೀಳಬಾರದು, ಟಾರ್ಚಿಗೂ ಗೋಡೆಗೂ ನಡುವೆ ಅಥವಾ ಬೆಳಗಿದ ಗೋಡೆಗೂ ಕ್ಯಾಮೆರಾಗೂ ನಡುವೆ ನೀವು ನಿಂತಿರಬಾರದು. ಟಾರ್ಚಿನ ಮೂತಿ ಲೆನ್ಸಿಗೆ ಕಾಣದಿರಲು ಕಪ್ಪು ಕಾಗದವನ್ನು 10 ಸೆಂಟಿಮೀಟರ್ ಉದ್ದದ ಕೊಳವೆಯಾಗಿ ಸುತ್ತಿ ಸಿಕ್ಕಿಸಿ.

ಗಾಳಿಯಲ್ಲಿ ಬರೆಯುವಾಗ ಕ್ಯಾಮೆರಾಕ್ಕೆ ಮುಖ ಮಾಡಿ ಎಂದಿನಂತೆ ಬರೆಯಿರಿ. ಚಿತ್ರದಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿ ಬರುತ್ತದೆ. ಆಮೇಲೆ ಎಡ ಬಲ ತಿರುಗಿಸಿದರಾಯಿತು. ಹಿನ್ನೆಲೆಯಲ್ಲಿ ನಾಮಫಲಕ ಇದ್ದರೆ ಮಾತ್ರ ಈ ಉಪಾಯ ನಡೆಯದು, ಆಗ ತಿರುಗಿಸಿ ಬರೆಯುವುದನ್ನೇ ಅಭ್ಯಾಸ ಮಾಡಬೇಕು. ಅಕ್ಷರಗಳ ನಡುವೆ ಸ್ವಿಚ್ಚಿನಿಂದ ಬೆರಳೆತ್ತಿ, ಇಲ್ಲದಿದ್ದರೆ ಎಲ್ಲವೂ ಒಂದಕ್ಕೊಂದು ಅಂಟುತ್ತವೆ. ಟಾರ್ಚಿನ ಮೂತಿ ಸದಾ ಲೆನ್ಸಿನ ಕಡೆಗೇ ಇರಬೇಕು. ಮಣಿಕಟ್ಟು ತಿರುಗಿದಲ್ಲಿ ಗೆರೆ ಸಣಕಲಾಗುತ್ತದೆ.

ಬೆಳಕಿನ ಗೋಳಕ್ಕೆ ಟಾರ್ಚಿನ ಹಿಂಬದಿಯ ಕೊಂಡಿಗೆ 70–80 ಸೆಂಟಿಮೀಟರ್ ಗಟ್ಟಿ ಹುರಿ ಕಟ್ಟಿ, ಮುಂದೆ ಎಲ್ಲ ಕಡೆಗೂ ಬೆಳಗುವ ಬಿಳಿ ಟೋಪಿ ಹಾಕಿ. ಟೋಪಿ ಇಲ್ಲದಿದ್ದರೆ ಟಾರ್ಚ್ ಹೊರಮುಖವಾಗಿಯೇ ಇರುವುದರಿಂದ ಲೆನ್ಸಿಗೆ ಗೆರೆಯೇ ಕಾಣದು. ನೆಲದ ಮೇಲೆ ಒಂದು ಗುರುತು ಇಡಿ. ಟಾರ್ಚ್ ಪ್ರತಿ ಸುತ್ತಿನಲ್ಲೂ ಆ ಗುರುತಿನ ಮೇಲೇ ಹಾದುಹೋಗುವಂತೆ ಬೀಸುತ್ತ, ಗುರುತಿನ ಸುತ್ತ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಅರ್ಧ ವೃತ್ತ ತಿರುಗಿ. ಸೆಕೆಂಡಿಗೊಂದು ಸುತ್ತಿನಂತೆ 40 ಸುತ್ತು ಹಾಕಿದರೆ ಗೋಳ ತುಂಬಿಕೊಳ್ಳುತ್ತದೆ. ಗೋಳ ಮೊಟ್ಟೆಯಂತಾದರೆ ತಪ್ಪು ಕೈಯದು: ಸುತ್ತುವ ಕೈ ಮೇಲೆ ಕೆಳಗೆ ಆಡಿದೆ. ಗಂಟು ಬಿಚ್ಚಿದರೆ ಟಾರ್ಚ್ ಕವಣೆ ಕಲ್ಲಿನಂತೆ ಹಾರುತ್ತದೆ, ಯಾರನ್ನೂ ಹತ್ತಿರ ನಿಲ್ಲಿಸಬೇಡಿ.

ಚಿತ್ರದಲ್ಲಿ ಮನುಷ್ಯರೂ ಬೇಕಿದ್ದರೆ ಅವರನ್ನು ಕಪ್ಪು ಹಿನ್ನೆಲೆಯ ಮುಂದೆ ನಿಲ್ಲಿಸಿ, ಉಸಿರು ಬಿಗಿಹಿಡಿಯಲು ಹೇಳಿ, ಪಕ್ಕದಿಂದ 1 ಸೆಕೆಂಡು ಟಾರ್ಚ್ ಬಿಡಿ. ಬೆನ್ನ ಹಿಂದೆ ಬೆಳಕಿನ ಆಕಾಶವಿದ್ದು ಅವರು ಅರ್ಧದಲ್ಲಿ ಸರಿದರೆ ಅದು ಮೈಯೊಳಗಿಂದ ಹಾದು ಅವರು ಪಾರದರ್ಶಕವಾಗಿ ಕಾಣುತ್ತಾರೆ. 1949ರಲ್ಲಿ ಛಾಯಾಗ್ರಾಹಕ ಗ್ಯೋನ್ ಮಿಲಿ ತೆಗೆದ, ಚಿತ್ರಕಾರ ಪಿಕಾಸೊ ಗಾಳಿಯಲ್ಲಿ ಬೆಳಕಿನಿಂದ ಬರೆಯುವ ಚಿತ್ರಗಳ ಗುಟ್ಟು ಕೂಡ ಇಷ್ಟೇ: ತೆರೆದ ಶಟರ್ ಪುಟ್ಟ ದೀಪದ ಗೆರೆಯನ್ನು ಹಿಡಿಯಿತು, ಫ್ಲ್ಯಾಶ್ ಚಿತ್ರಕಾರನನ್ನು ಹಿಡಿಯಿತು.

ಬಣ್ಣಕ್ಕೆ ಜೆಲ್ ಹಾಳೆ (ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸಾಕು. ತಣ್ಣನೆ ಬಿಳಿ ಎಲ್‌ಇಡಿಯ ಮುಂದೆ ಕೆಂಪು ಜೆಲ್ ಇಟ್ಟರೆ ಬೆಳಕಿನ ಬಹುಪಾಲು ಅಲ್ಲೇ ನಿಂತುಬಿಡುತ್ತದೆ, ನೀಲಿಗೆ ಅಷ್ಟು ನಷ್ಟವಿಲ್ಲ. ಹಾಗಾಗಿ ಪ್ರತಿ ಬಣ್ಣಕ್ಕೂ ಸೆಕೆಂಡು ಬೇರೆ ಬೇರೆ ಎಣಿಸಿ ಬರೆದಿಟ್ಟುಕೊಳ್ಳಿ. ಬಣ್ಣ ಬದಲಿಸುವಾಗ ಲೆನ್ಸಿಗೆ ಕಪ್ಪು ರಟ್ಟು ಅಡ್ಡ ಹಿಡಿಯಿರಿ, ಮುಟ್ಟಿಸಬೇಡಿ. ವೈಟ್ ಬ್ಯಾಲೆನ್ಸ್ (ಯಾವ ಬೆಳಕು ಬಿಳಿಯಾಗಿ ಕಾಣಬೇಕೆಂಬ ಸೆಟ್ಟಿಂಗ್) ಆಟೋ ಬೇಡ. 4000 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ) ಕಟ್ಟಿಹಾಕಿದರೆ ಅದೇ ಕೆಲ್ವಿನ್ನಿನ ಟಾರ್ಚ್ ಬಿಳಿಯಾಗಿಯೇ ಇದ್ದು, ಆಕಾಶ ನೀಲಿಗೆ ವಾಲುತ್ತದೆ. ನನಗೆ ಮೆಚ್ಚುಗೆಯ ಜೋಡಿ ಇದು.

ಬೀದಿದೀಪಗಳ ಕಾಟ ಇರುವಲ್ಲಿ 4 ನಿಮಿಷದ ಒಂದೇ ಚಿತ್ರಕ್ಕಿಂತ 15 ಸೆಕೆಂಡಿನ ಹಲವು ಚಿತ್ರ ತೆಗೆದು, ಪ್ರತಿಯೊಂದರಲ್ಲೂ ಒಂದೊಂದು ಭಾಗಕ್ಕೆ ಮಾತ್ರ ಬೆಳಕು ಬಳಿದು, ಆಮೇಲೆ ಕಂಪ್ಯೂಟರಿನಲ್ಲಿ ಲೈಟನ್ ಮೋಡಿನಲ್ಲಿ (ಪ್ರತಿ ಜಾಗದಲ್ಲೂ ಹೆಚ್ಚು ಬೆಳಗಿದ್ದನ್ನೇ ಉಳಿಸುವ ವಿಧಾನ) ಪದರಗಳಾಗಿ ಸೇರಿಸುವುದು ಜಾಣತನ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬಿಸಾಡಬಹುದು. ಒಲಿಂಪಸ್ ಕ್ಯಾಮೆರಾಗಳ ಲೈವ್ ಕಾಂಪೋಸಿಟ್ ಈ ಕೆಲಸವನ್ನು ಕ್ಯಾಮೆರಾದೊಳಗೇ ಮಾಡುತ್ತದೆ: ಮೊದಲ ಚಿತ್ರದ ಮೇಲೆ ಹೊಸದಾಗಿ ಬೆಳಗಿದ್ದನ್ನು ಮಾತ್ರ ಸೇರಿಸುತ್ತ ಹೋಗುತ್ತದೆ, ಬೀದಿದೀಪ ಅಷ್ಟಕ್ಕಷ್ಟೇ ನಿಲ್ಲುತ್ತದೆ.

ಲೇಸರ್ ಬಳಸುವ ಆಸೆ ಬಿಡಿ, ಲೆನ್ಸಿನೊಳಗೆ ನೇರ ಹೊಕ್ಕರೆ ಸೆನ್ಸರ್ ಸುಡಬಹುದು. ಟಾರ್ಚನ್ನು ರಸ್ತೆಯ ಕಡೆಗಾಗಲಿ ವಿಮಾನದ ಕಡೆಗಾಗಲಿ ತಿರುಗಿಸಬೇಡಿ. ಸೆಟ್ಟಿಂಗ್ ನೋಡಲು ಮಂದ ಕೆಂಪು ದೀಪ ಇಟ್ಟುಕೊಳ್ಳಿ. ಒಮ್ಮೆ ಬಿಳಿ ಬೆಳಕು ನೋಡಿದರೆ ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಹಿಡಿಯುತ್ತದೆ. ಚೀಲಕ್ಕೆ ಹಾಕುವ ಮುನ್ನ ಟಾರ್ಚಿನ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. 18650 ಎಂಬ ಲಿಥಿಯಂ ಬ್ಯಾಟರಿಯ ಟಾರ್ಚ್ ಬಟ್ಟೆಯೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆಯನ್ನು ಸುಡುವಷ್ಟು ಬಿಸಿ ಏರಬಲ್ಲದು.