ಆಲ್ಟ್+ಶಿಫ್ಟ್ ಒತ್ತಿದರೂ ಕನ್ನಡ ಬರುತ್ತಿಲ್ಲ

ಪ್ರಶ್ನೆ: ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಾಯಿಸಲು ಆಲ್ಟ್ ಜೊತೆ ಶಿಫ್ಟ್ ಒತ್ತುತ್ತಿದ್ದೆ. ಒಂದು ವಾರದಿಂದ ಎಷ್ಟು ಒತ್ತಿದರೂ ಭಾಷೆ ಬದಲಾಗುತ್ತಿಲ್ಲ. ಕೀಬೋರ್ಡ್ ಕೆಟ್ಟಿದೆಯೇ?

ಉತ್ತರ: ಕೀಬೋರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಮೊದಲು ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ ನೋಡಿ.

ಅದರಿಂದ ಭಾಷೆ ಬದಲಾದರೆ ಕನ್ನಡ ಸರಿಯಾಗಿಯೇ ಇದೆ, ಶಾರ್ಟ್‌ಕಟ್ ಮಾತ್ರ ಅಳಿಸಿಹೋಗಿರಬಹುದು. ಸೆಟಿಂಗ್ಸ್ ತೆರೆದು ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟಿಂಗ್ಸ್, ಅಲ್ಲಿಂದ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್‌ಗೆ ಹೋಗಿ. ‘ಬಿಟ್ವೀನ್ ಇನ್‌ಪುಟ್ ಲ್ಯಾಂಗ್ವೇಜಸ್’ ಸಾಲನ್ನು ಆರಿಸಿ ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ. ‘ನಾಟ್ ಅಸೈನ್ಡ್’ ಎಂದಿದ್ದರೆ ‘ಲೆಫ್ಟ್ ಆಲ್ಟ್ + ಶಿಫ್ಟ್’ ಆರಿಸಿ, ಓಕೆ ಕೊಡಿ. ಇದು ಎಡಗಡೆಯ ಆಲ್ಟ್‌ಗೆ ಮಾತ್ರ. ಬಲಗಡೆಯದು ಕೆಲಸ ಮಾಡುವುದಿಲ್ಲ.

ಅಲ್ಲಿ ಎಲ್ಲ ಸರಿಯಿದ್ದೂ ಆಗದಿದ್ದರೆ ಭಾಷೆಗಳ ಪಟ್ಟಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಆಲ್ಟ್+ಶಿಫ್ಟ್ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಒಂದೇ ಭಾಷೆಯ ಎರಡು ಕೀಬೋರ್ಡ್‌ಗಳ ನಡುವೆ ಅಲ್ಲ. ಕನ್ನಡದ ಅಡಿಯಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಎರಡನ್ನೂ ಹಾಕಿಕೊಂಡಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಬೇರೆ ಶಾರ್ಟ್‌ಕಟ್ ಬೇಕು, ಸಾಮಾನ್ಯವಾಗಿ ಕಂಟ್ರೋಲ್+ಶಿಫ್ಟ್. ವಿಂಡೋಸ್+ಸ್ಪೇಸ್ ಮಾತ್ರ ಪಟ್ಟಿಯಲ್ಲಿರುವ ಎಲ್ಲವನ್ನೂ ಸುತ್ತಿ ಬರುತ್ತದೆ. ನನ್ನ ಮಟ್ಟಿಗೆ ಅದನ್ನೇ ರೂಢಿಸಿಕೊಳ್ಳುವುದು ವಾಸಿ.

ವರ್ಡ್‌ನಲ್ಲಿ ಕನ್ನಡ ಬಂದು ಬ್ರೌಸರ್‌ನಲ್ಲಿ ಮತ್ತೆ ಇಂಗ್ಲಿಷ್ ಆಗುತ್ತಿದ್ದರೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟಿಂಗ್ಸ್ ಪುಟದಲ್ಲೇ, ಪ್ರತಿ ಕಿಟಕಿಗೂ ಬೇರೆ ಇನ್‌ಪುಟ್ ಬಳಸುವ ಆಯ್ಕೆಯ ಟಿಕ್ ತೆಗೆಯಿರಿ.

ವಿಂಡೋಸ್+ಸ್ಪೇಸ್‌ಗೂ ಏನೂ ಆಗಲಿಲ್ಲವೇ? ವಿಂಡೋಸ್ ಕೀ ಒಂದನ್ನೇ ಒತ್ತಿ ಸ್ಟಾರ್ಟ್ ಮೆನು ಬರುತ್ತದೆಯೇ ನೋಡಿ. ಬಾರದಿದ್ದರೆ, ಗೇಮಿಂಗ್ ಕೀಬೋರ್ಡ್‌ಗಳಲ್ಲಿರುವ ವಿಂಡೋಸ್ ಲಾಕ್ ಬಿದ್ದಿರಬಹುದು. ಬಂದರೆ ಭಾಷೆ ಬದಲಿಸುವ ಹಿನ್ನೆಲೆ ಪ್ರೋಗ್ರಾಂ ನಿಂತಿರಬಹುದು. ವಿಂಡೋಸ್+ಆರ್ ಒತ್ತಿ ಸಿ, ಟಿ, ಎಫ್, ಎಂ, ಓ, ಎನ್ ಎಂಬ ಆರು ಇಂಗ್ಲಿಷ್ ಅಕ್ಷರ ಟೈಪಿಸಿ ಎಂಟರ್ ಕೊಡಿ. ಇದರಿಂದ ಸರಿಹೋಗಿ, ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಪುನಃ ಕೆಟ್ಟರೆ ಟಾಸ್ಕ್ ಶೆಡ್ಯೂಲರ್ ತೆರೆಯಿರಿ. ಅದರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಟೆಕ್ಸ್ಟ್ ಸರ್ವಿಸಸ್ ಫ್ರೇಮ್‌ವರ್ಕ್ ಫೋಲ್ಡರ್‌ಗೆ ಇಳಿದು, ಅಲ್ಲಿರುವ ಒಂದೇ ಟಾಸ್ಕ್ ‘ಡಿಸೇಬಲ್ಡ್’ ಆಗಿದ್ದರೆ ಬಲ ಕ್ಲಿಕ್ ಮಾಡಿ ‘ಎನೇಬಲ್’ ಕೊಡಿ.

ಕೀಲಿಗಳನ್ನು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತಿದ್ದರೆ ಅದು ಫಿಲ್ಟರ್ ಕೀಸ್. ಬಲ ಶಿಫ್ಟ್ 8 ಸೆಕೆಂಡು ಒತ್ತಿ ಹಿಡಿದಾಗ ಅದು ಆನ್ ಆಗುತ್ತದೆ. ಸೆಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಕೀಬೋರ್ಡ್ ಪುಟದಲ್ಲಿ ಆಫ್ ಮಾಡಿ.