ಕಣ್ಣು ಸರಿಯಾಗಿ ಕಾಣದಿದ್ದರೂ ಇಟಲಿಯ ಹಾಸ್ಯನಟ ತೊತೊ ಸಿನಿಮಾಗಳಲ್ಲಿ ನಟಿಸಿದ್ದು ಹೇಗೆ?

ಮೈಗೆ ಹತ್ತಿದ್ದ ಅಭ್ಯಾಸದ ಬಲದಿಂದ. 1957ರಲ್ಲಿ ನಾಟಕ ತಂಡದ ಜೊತೆ ಊರೂರು ತಿರುಗುತ್ತಿದ್ದಾಗ ಅವರ ದೃಷ್ಟಿ ಬಹುಪಾಲು ಹೋಯಿತು. ಆದರೂ 1967ರಲ್ಲಿ ತೀರಿಕೊಳ್ಳುವವರೆಗೆ ನಟನೆ ಬಿಡಲಿಲ್ಲ.

ತೊತೊ, ಅಂದರೆ ಆಂತೋನಿಯೊ ದೆ ಕುರ್ತಿಸ್, ಹುಟ್ಟಿದ್ದು 1898ರಲ್ಲಿ, ನೇಪಲ್ಸ್‌ನ ಸಾನಿತಾ ಎಂಬ ಬಡ ಬಡಾವಣೆಯಲ್ಲಿ. ಹಾಡು, ಕುಣಿತ, ಹಾಸ್ಯ ಎಲ್ಲ ಬೆರೆತ ರಂಗಪ್ರದರ್ಶನಗಳಲ್ಲಿ ಹುಡುಗನಾಗಿದ್ದಾಗಲೇ ಪಳಗಿದರು. ಸೂತ್ರದ ಗೊಂಬೆಯ ಹಾಗೆ ಕತ್ತು ಒಂದು ಕಡೆ, ಕೈಕಾಲು ಇನ್ನೊಂದು ಕಡೆ ಆಡಿಸುವುದು ಅವರ ವಿಶೇಷ. ಮೊದಲ ಸಿನಿಮಾ ಬಂದ 1937ರ ಹೊತ್ತಿಗೆ ಈ ಆಟ ಅವರ ಮೈಗೆ ಇಳಿದುಬಿಟ್ಟಿತ್ತು. ಅದಕ್ಕೆ ಕಣ್ಣಿನ ಸಹಾಯ ಜಾಸ್ತಿ ಬೇಕಿರಲಿಲ್ಲ. ಸೆಟ್ಟಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿರುತ್ತಿದ್ದರು. ಶಾಟ್ ಶುರುವಾದರೆ ಕನ್ನಡಕ ತೆಗೆದು ಚುರುಕಾಗಿ ಓಡಾಡುತ್ತಿದ್ದರು.

ನಿಜವಾದ ತೊಂದರೆ ಆದದ್ದು ಡಬ್ಬಿಂಗ್‌ನಲ್ಲಿ. ಪರದೆಯ ಮೇಲಿನ ತುಟಿಚಲನೆ ಕಾಣದೆ ಮಾತು ಹೊಂದಿಸುವುದು ಕಷ್ಟ, ಅಲ್ವಾ? ಹಾಗಾಗಿ ಕೆಲವು ಸಿನಿಮಾಗಳಲ್ಲಿ ಕಾರ್ಲೊ ಕ್ರೊಕ್ಕೊಲೊ ಎಂಬ ನಟ ಅವರಿಗೆ ದನಿ ಕೊಟ್ಟರು. ಹತ್ತಿರ ಹತ್ತಿರ ನೂರು ಸಿನಿಮಾ ಮಾಡಿದ ತೊತೊ, 1966ರಲ್ಲಿ ನಿರ್ದೇಶಕ ಪಸೋಲಿನಿಯವರ ಚಿತ್ರದಲ್ಲಿ ಮಾಡಿದ ಪಾತ್ರಕ್ಕೆ ಕಾನ್ ಚಿತ್ರೋತ್ಸವದ ವಿಶೇಷ ಮೆಚ್ಚುಗೆ ಪಡೆದರು. ನನಗಂತೂ ಅವರ ಕೆಲಸದಲ್ಲಿ ಅದೇ ಹೆಚ್ಚು ಇಷ್ಟ.