ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ಸ್ಲೋ ಆದರೆ

ಚಾರ್ಜರ್ ತೆಗೆದ ಕೂಡಲೇ ಎಕ್ಸೆಲ್ ಕೂಡ ತಡವರಿಸುತ್ತದೆ, ರ‍್ಯಾಮ್ ಜಾಸ್ತಿ ಹಾಕಿಸಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಚಾರ್ಜರ್ ಇದ್ದಾಗ ಚೆನ್ನಾಗಿ ಓಡುತ್ತದೆ ಅಲ್ವಾ? ಹಾಗಾದರೆ ಸುಮ್ನೆ ದುಡ್ಡು ದಂಡ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆಂಡ್ ಬ್ಯಾಟರಿಗೆ ಹೋಗಿ. ಬ್ಯಾಟರಿಯ ಪವರ್ ಮೋಡ್ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ ಅಂತಿದ್ದರೆ ‘ಬ್ಯಾಲೆನ್ಸ್ಡ್’ ಮಾಡಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಸರಿಹೋಗುತ್ತದೆ.

ಆಗಲಿಲ್ಲವೆಂದರೆ ಚಾರ್ಜರ್ ತೆಗೆದೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಒತ್ತಿ, ‘ಸ್ಪೀಡ್’ ಅಂಕಿ ನೋಡಿಕೊಂಡು ನಿಮ್ಮ ಶೀಟ್ ತೆರೆಯಿರಿ. ಆ ಅಂಕಿ ಮೇಲೇರಬೇಕು. 0.4 ಅಥವಾ 0.8 ಗಿಗಾಹರ್ಟ್ಸ್‌ನಲ್ಲೇ ನಿಂತುಬಿಟ್ಟರೆ ನನ್ನ ಅನುಮಾನ ಬ್ಯಾಟರಿ ಮೇಲೆ. ಸವೆದ ಬ್ಯಾಟರಿ ಒಮ್ಮೆಗೇ ಜಾಸ್ತಿ ಕರೆಂಟ್ ಕೊಡಲಾರದು. ಯಂತ್ರ ತಟ್ಟನೆ ಆಫ್ ಆಗದಿರಲಿ ಅಂತ ಕೆಲವು ಲ್ಯಾಪ್‌ಟಾಪ್‌ಗಳು ಪ್ರೊಸೆಸರ್ ವೇಗವನ್ನೇ ಇಳಿಸಿಬಿಡುತ್ತವೆ.

ಕಮಾಂಡ್ ಪ್ರಾಂಪ್ಟ್‌ನಿಂದ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿ (powercfg /batteryreport ಅಂತ ಟೈಪ್ ಮಾಡಿ ಎಂಟರ್ ಒತ್ತಿ). ‘ಡಿಸೈನ್ ಕೆಪ್ಯಾಸಿಟಿ’ (ಹೊಸದರಲ್ಲಿದ್ದ ಸಾಮರ್ಥ್ಯ) 50,000 ಇದ್ದು, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ (ಈಗ ಉಳಿದಿರುವ ಸಾಮರ್ಥ್ಯ) 22,000 ಅಂತ ತೋರಿಸಿದರೆ ಅರ್ಧಕ್ಕಿಂತ ಜಾಸ್ತಿ ಸವೆದಿದೆ ಅಂತ ಅರ್ಥ. ರ‍್ಯಾಮ್‌ಗೆ ಇಟ್ಟ ದುಡ್ಡಲ್ಲಿ ಹೊಸ ಬ್ಯಾಟರಿ ಹಾಕಿಸಿ.

ಹಾಗೇ ಟಚ್‌ಪ್ಯಾಡ್ ಮೇಲೆದ್ದಿದೆಯಾ, ತಳ ಉಬ್ಬಿದೆಯಾ ನೋಡಿ. ಹಾಗಿದ್ದರೆ ಒಳಗೆ ಬ್ಯಾಟರಿಯೇ ಉಬ್ಬಿರಬಹುದು; ದಯವಿಟ್ಟು ಚಾರ್ಜ್‌ಗೆ ಹಾಕಬೇಡಿ, ಇವತ್ತೇ ಸರ್ವಿಸ್‌ನವರಿಗೆ ತೋರಿಸಿ.